ಸೀಸದ ಪೈಪು: ಅರ್ಧ ಬದಲಿಸಿದರೆ ಸಾಕಾ?

ಪ್ಲಂಬಿಂಗ್ ಅನ್ನೋ ಪದದ ಮೂಲ ಲ್ಯಾಟಿನ್‌ನ ‘ಪ್ಲಂಬಮ್’. ಅಂದ್ರೆ ಸೀಸ. ಸೀಸ ಮೆತ್ತಗಿನ ಲೋಹ, ಬೇಕಾದ ಹಾಗೆ ಬಗ್ಗುತ್ತದೆ, ಬಹಳ ವರ್ಷ ಬಾಳಿಕೆ ಬರುತ್ತದೆ. ಹಾಗಾಗಿ ಅಮೆರಿಕದ ಎಷ್ಟೋ ನಗರಗಳಲ್ಲಿ ರಸ್ತೆಯ ದೊಡ್ಡ ಪೈಪಿನಿಂದ ಮನೆಗೆ ನೀರು ತರುವ ಸಣ್ಣ ಪೈಪನ್ನು, ಅಂದ್ರೆ ಸರ್ವಿಸ್ ಲೈನನ್ನು, ಸೀಸದಲ್ಲೇ ಹಾಕುತ್ತಿದ್ದರು. ಷಿಕಾಗೋದಲ್ಲಂತೂ ಸೀಸವನ್ನೇ ಹಾಕಬೇಕು ಅಂತ ನಗರದ ನಿಯಮವೇ ಇತ್ತು. 1986ರಲ್ಲಿ ಅಮೆರಿಕ ಸರ್ಕಾರ ಹೊಸ ಸೀಸದ ಪೈಪುಗಳನ್ನು ನಿಷೇಧಿಸಿತು. ಆದ್ರೆ ನೆಲದೊಳಗೆ ಆಗಲೇ ಇದ್ದವು ಅಲ್ಲೇ ಉಳಿದವು.

ನೀರಿಗೆ ಸೇರಿದ ಸೀಸಕ್ಕೆ ಬಣ್ಣ, ವಾಸನೆ, ರುಚಿ ಇಲ್ಲ. ಕುದಿಸಿದರೂ ಹೋಗಲ್ಲ. ಅದು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ, ಇಷ್ಟಿದ್ದರೆ ಪರವಾಗಿಲ್ಲ ಅನ್ನೋ ಮಟ್ಟವೇ ಗೊತ್ತಿಲ್ಲ.

ಫ್ಲಿಂಟ್‌ನಲ್ಲಿ ಆಗಿದ್ದೇನು?

ನೀರಿಗೆ ಆರ್ಥೋಫಾಸ್ಫೇಟ್ ಬೆರೆಸಿದರೆ ಪೈಪಿನ ಒಳಗೋಡೆಯ ಮೇಲೆ ತೆಳುವಾದ ಪದರ ಕಟ್ಟಿಕೊಂಡು ಸೀಸ ಕರಗುವುದನ್ನು ತಡೆಯುತ್ತದೆ. ಮಿಚಿಗನ್ ರಾಜ್ಯದ ಫ್ಲಿಂಟ್ ನಗರ 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸೋಕೆ ಅಂತ ಡೆಟ್ರಾಯಿಟ್‌ನ ನೀರು ಬಿಟ್ಟು ಫ್ಲಿಂಟ್ ನದಿಯ ನೀರು ಬಳಸಲು ಶುರು ಮಾಡಿತು. ತುಕ್ಕು ತಡೆಯುವ ರಾಸಾಯನಿಕ ಸೇರಿಸಲಿಲ್ಲ. ಪದರ ಕಿತ್ತುಬಂತು, ಸೀಸ ನಲ್ಲಿಗೆ ಬಂತು. ಮಕ್ಕಳ ರಕ್ತದಲ್ಲಿ ಸೀಸ ಏರಿರುವುದನ್ನು 2015ರಲ್ಲಿ ಮಕ್ಕಳ ವೈದ್ಯೆ ಮೋನಾ ಹನ್ನಾ-ಅತೀಶಾ ತೋರಿಸಿಕೊಟ್ಟರು. ರಾಸಾಯನಿಕವನ್ನೇ ನಂಬಿಕೊಂಡು ಕೂರೋಕಾಗಲ್ಲ, ಪೈಪನ್ನೇ ತೆಗೆಯಬೇಕು ಅನ್ನೋದು ಇದರ ಪಾಠ.

ಅರ್ಧ ಪೈಪಿನ ಸಮಸ್ಯೆ

ತೆಗೆಯೋದು ಸರಿ, ದುಡ್ಡು ಯಾರದು? ಹೆಚ್ಚಿನ ನಗರಗಳಲ್ಲಿ ಸರ್ವಿಸ್ ಲೈನಿಗೆ ಇಬ್ಬರು ಒಡೆಯರು. ರಸ್ತೆಯಿಂದ ಸೈಟಿನ ಗಡಿವರೆಗೆ ನಗರದ್ದು, ಅಲ್ಲಿಂದ ಒಳಗೆ ಮನೆ ಮಾಲೀಕರದ್ದು. ಮಾಲೀಕರ ಭಾಗಕ್ಕೇ ಸಾವಿರಾರು ಡಾಲರ್ ಬೇಕು. ವಾಷಿಂಗ್ಟನ್ ಡಿ.ಸಿ. 2004ರ ನಂತರ ಸಾವಿರಾರು ಕಡೆ ತನ್ನ ಭಾಗವನ್ನಷ್ಟೇ ಬದಲಿಸಿತು. ದುಡ್ಡಿದ್ದವರು ಉಳಿದದ್ದನ್ನೂ ಬದಲಿಸಿಕೊಂಡರು, ಇಲ್ಲದವರ ಮನೆಯಲ್ಲಿ ಅರ್ಧ ಸೀಸ ಹಾಗೇ ಉಳಿಯಿತು.

ಇದು ಬರೀ ಅನ್ಯಾಯವಲ್ಲ, ಎಂಜಿನಿಯರಿಂಗ್ ಲೆಕ್ಕದಲ್ಲೂ ತಪ್ಪು. ಕತ್ತರಿಸುವಾಗಿನ ಅಲುಗಾಟಕ್ಕೆ ಹಳೇ ಪದರ ಉದುರುತ್ತದೆ. ಹೊಸ ತಾಮ್ರದ ಪೈಪನ್ನು ಹಳೇ ಸೀಸಕ್ಕೆ ಜೋಡಿಸಿದರೆ ಅಲ್ಲೊಂದು ಗ್ಯಾಲ್ವಾನಿಕ್ ಸೆಲ್ ಆಗುತ್ತದೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ನಾವೆಲ್ಲ ಓದಿದ್ದೇ: ಸೀಸ ಆನೋಡ್ ಆಗಿ ಇನ್ನೂ ಬೇಗ ಕರಗುತ್ತದೆ. ಹೀಗೆ ಅರ್ಧ ಬದಲಿಸಿದ ಮೇಲೆ ಕೆಲ ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ನೀರಿನಲ್ಲಿ ಸೀಸ ಮೊದಲಿಗಿಂತ ಹೆಚ್ಚಾಗಬಹುದು. ಸೈಟಿನ ಗಡಿ ಕಾಗದದ ಮೇಲಿದೆ, ನೀರಿಗೆ ಅದು ಗೊತ್ತಿಲ್ಲ.

ಒಂದು ಸಣ್ಣ ಲೆಕ್ಕ

‘ನೀರು ಟೆಸ್ಟ್ ಮಾಡಿ, ಕೆಟ್ಟಿದ್ದರೆ ಮಾತ್ರ ಬದಲಿಸಿದರಾಯ್ತಲ್ಲ’ ಅಂತ ಯಾರಾದರೂ ಕೇಳಬಹುದು. ಒಳವ್ಯಾಸ 19 ಮಿ.ಮೀ., ಉದ್ದ 15 ಮೀಟರ್ ಇರುವ ಸರ್ವಿಸ್ ಲೈನ್ ತಗೊಳ್ಳೋಣ. ಅದರೊಳಗಿನ ನೀರು = (π/4) × (0.019)² × 15 = 0.00425 ಘನ ಮೀಟರ್, ಅಂದ್ರೆ ಸುಮಾರು 4.25 ಲೀಟರ್. ರಾತ್ರಿಯೆಲ್ಲ ಸೀಸದ ಜೊತೆ ನಿಂತ ನೀರು ಇದು. ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಮೊದಲು ಬರೋದು ಮನೆಯೊಳಗಿನ ಪೈಪಿನ ನೀರು. ಮೊದಲ ಲೀಟರನ್ನಷ್ಟೇ ಹಿಡಿದು ಟೆಸ್ಟ್ ಮಾಡಿದರೆ ಸರ್ವಿಸ್ ಲೈನಿನ ಸೀಸ ಸಿಗದೇ ಹೋಗಬಹುದು. ಅದಕ್ಕೇ ಅಮೆರಿಕದ ಹೊಸ ನಿಯಮ ಐದನೇ ಲೀಟರನ್ನೂ ನೋಡಿ ಅನ್ನುತ್ತದೆ.

ನ್ಯೂವಾರ್ಕ್ ದಾರಿ

ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಬಾಡಿಗೆದಾರರೇ ಹೆಚ್ಚು. ಕುಡಿಯುವವರು ಒಬ್ಬರು, ಸಹಿ ಹಾಕಬೇಕಾದ ಮಾಲೀಕ ಎಲ್ಲೋ ಇನ್ನೊಬ್ಬ! 2019ರಲ್ಲಿ ನಗರ ಮೂರು ಕೆಲಸ ಮಾಡಿತು. ಕೌಂಟಿಯ ಮೂಲಕ 12 ಕೋಟಿ ಡಾಲರ್ ಸಾಲ ಎತ್ತಿ ಇಡೀ ಪೈಪನ್ನು ಉಚಿತವಾಗಿ ಬದಲಿಸಿತು. ಮಾಲೀಕರ ಒಪ್ಪಿಗೆಗೆ ಕಾಯದೇ ಕೆಲಸ ಮಾಡುವ ಅಧಿಕಾರವನ್ನು ಕಾನೂನಿನಲ್ಲೇ ತಂದಿತು. ಅರ್ಜಿ ಹಾಕಿದವರ ಮನೆ ಹುಡುಕಿಕೊಂಡು ಹೋಗದೆ ಬೀದಿ ಬೀದಿಯನ್ನೇ ಮುಗಿಸುತ್ತಾ ಹೋಯಿತು. ಸುಮಾರು ಮೂರು ವರ್ಷದಲ್ಲಿ 23,000 ಪೈಪುಗಳು ಬದಲಾದವು.

2024ರ ಅಕ್ಟೋಬರ್‌ನಲ್ಲಿ ಬಂದ ನಿಯಮದ ಪ್ರಕಾರ ಹೆಚ್ಚಿನ ನಗರಗಳು 10 ವರ್ಷದೊಳಗೆ ಎಲ್ಲ ಸೀಸದ ಪೈಪುಗಳನ್ನು ತೆಗೆಯಬೇಕು. ನಗರಗಳು ಕ್ರಮ ಕೈಗೊಳ್ಳಬೇಕಾದ ಮಟ್ಟವೂ ಲೀಟರಿಗೆ 15ರಿಂದ 10 ಮೈಕ್ರೋಗ್ರಾಂಗೆ ಇಳಿದಿದೆ. ನಮ್ಮ ದೇಶದ ಐಎಸ್ 10500 ಮಾನದಂಡದಲ್ಲಿ ಕುಡಿಯುವ ನೀರಿಗೆ ಇರುವ ಮಿತಿಯೂ ಇದೇ 10. ಆದ್ರೆ ಮನೆಯವರ ಭಾಗದ ಖರ್ಚನ್ನು ನಗರವೇ ಕೊಡಬೇಕು ಅಂತ ಆ ನಿಯಮ ಕಡ್ಡಾಯ ಮಾಡಿಲ್ಲ. ಅಲ್ಲಿಗೆ ಹಳೇ ಪ್ರಶ್ನೆ ಹಾಗೇ ಉಳೀತು.

ಮುಂದೆ ನಮ್ಮಲ್ಲಿ ಯಾರಾದರೂ ಒಂದು ಊರಿನ ನೀರಿನ ಯೋಜನೆಗೆ ಎಸ್ಟಿಮೇಟ್ ಬರೆಯಬಹುದು. ಆಗ ಪೈಪಿನ ಉದ್ದವನ್ನು ಸೈಟಿನ ಗಡಿವರೆಗೆ ಅಳೆಯೋದಾ, ಅಡುಗೆಮನೆಯ ಲೋಟದವರೆಗೆ ಅಳೆಯೋದಾ ಅಂತ ಮೊದಲು ತೀರ್ಮಾನ ಮಾಡೋಣ.