ದಹಾಬ್‌ನಲ್ಲಿ ಪೌಂಡ್, ಬೆಂಗಳೂರಿನಲ್ಲಿ ಡಾಲರ್

ದಹಾಬ್ ಈಜಿಪ್ಟಿನ ಸಿನಾಯ್ ಪರ್ಯಾಯ ದ್ವೀಪದ ಪೂರ್ವ ಅಂಚಿನಲ್ಲಿ, ಅಕಾಬಾ ಕೊಲ್ಲಿಯ ದಡದಲ್ಲಿರುವ ಸಣ್ಣ ಊರು. ಅರಬ್ಬಿಯಲ್ಲಿ ಈ ಪದಕ್ಕೆ ಚಿನ್ನ ಎಂದರ್ಥ. ಶರ್ಮ್ ಎಲ್ ಶೇಖ್ ವಿಮಾನ ನಿಲ್ದಾಣದಿಂದ ಉತ್ತರಕ್ಕೆ ಒಂದು ಗಂಟೆಗೆ ತುಸು ಹೆಚ್ಚಿನ ರಸ್ತೆ ಪ್ರಯಾಣ. ನಡುವೆ ಪಾಸ್‌ಪೋರ್ಟ್ ನೋಡುವ ತಪಾಸಣಾ ಠಾಣೆಗಳಿವೆ. ಬೆನ್ನಿಗೆ ಹುಲ್ಲುಕಡ್ಡಿಯೂ ಬೆಳೆಯದ ಕಂದು ಬೆಟ್ಟ, ಮುಂದೆ ಸಮುದ್ರ, ಅದರಾಚೆ ಸೌದಿ ಅರೇಬಿಯಾದ ಬೆಟ್ಟಗಳ ಸಾಲು. 1967ರ ಯುದ್ಧದಲ್ಲಿ ಇಸ್ರೇಲ್ ಕೈಸೇರಿ, 1982ರಲ್ಲಿ ಈಜಿಪ್ಟಿಗೆ ಮರಳಿದ ಪ್ರದೇಶವಿದು. ಮೂಲದಲ್ಲಿ ಮುಜೈನಾ ಬುಡಕಟ್ಟಿನ ಬೆದುಯಿನರ ನೆಲೆ. ಅವರ ಹಳೆಯ ಕೇರಿ ಅಸ್ಸಲಾ ಈಗ ಊರಿನ ಜನನಿಬಿಡ ಭಾಗವಾಗಿದೆ. ಶರ್ಮ್‌ನ ದೊಡ್ಡ ರೆಸಾರ್ಟ್‌ಗಳ ಗದ್ದಲ ಇಲ್ಲಿಗೆ ಬಂದಿಲ್ಲ. ದಂಡೆಯುದ್ದಕ್ಕೂ ನೆಲದ ಮೇಲೆ ದಿಂಬು ಹಾಸಿದ ಚಹಾ ಅಂಗಡಿಗಳಿವೆ, ಮೇಜುಗಳ ಕೆಳಗೆ ಬೆಕ್ಕುಗಳು.

ಈ ಊರು ಪ್ರವಾಸಿಯ ಜೇಬಿಗೆ ಹಗುರವಾಗಿರುವುದಕ್ಕೆ ಕಾರಣ ಭೂಗೋಳದಲ್ಲಿದೆ. ಅಕಾಬಾ ಕೊಲ್ಲಿ ಭೂಮಿ ಬಿರಿದು ಉಂಟಾದದ್ದು; ಅಗಲ ಕಡಿಮೆ, ಆಳ ಸುಮಾರು 1,850 ಮೀಟರ್‌ವರೆಗೆ. ಬೆಟ್ಟ ಹೇಗೆ ಕಡಿದಾಗಿ ಇಳಿಯುತ್ತದೋ ಸಮುದ್ರದ ತಳವೂ ಹಾಗೆಯೇ ಇಳಿಯುತ್ತದೆ. ಹೀಗಾಗಿ ಹವಳದ ದಿಬ್ಬ ದಡಕ್ಕೆ ಅಂಟಿಕೊಂಡೇ ಬೆಳೆದಿದೆ. ಮಳೆ ಅಪರೂಪ, ನದಿ ಇಲ್ಲ, ಆದ್ದರಿಂದ ಕೆಸರೂ ಕಡಿಮೆ. ನೀರು ಗಾಜಿನಂತೆ ತಿಳಿ. ಮುರ್ಡೇಶ್ವರದ ನೇತ್ರಾಣಿಯಲ್ಲಿ ಮೊದಲ ಬಾರಿ ಮುಳುಗಿ ನೋಡಿದ ಕನ್ನಡಿಗರಿಗೆ ವ್ಯತ್ಯಾಸ ಕೂಡಲೇ ಕಾಣುತ್ತದೆ. ನೇತ್ರಾಣಿಗೆ ಸುಮಾರು 19 ಕಿ.ಮೀ. ದೋಣಿಯಲ್ಲಿ ಹೋಗಬೇಕು, ಮಳೆಗಾಲದಲ್ಲಿ ಎಲ್ಲವೂ ಬಂದ್. ದಹಾಬ್‌ನಲ್ಲಿ ಹೋಟೆಲಿನ ಮೆಟ್ಟಿಲಿಳಿದು, ರಸ್ತೆ ದಾಟಿ, ಮುಖವಾಡ ಹಾಕಿಕೊಂಡು ನೀರಿಗಿಳಿದರೆ ಹತ್ತಿಪ್ಪತ್ತು ಹೆಜ್ಜೆಗೇ ಹವಳ. ಲೈಟ್‌ಹೌಸ್, ಈಲ್ ಗಾರ್ಡನ್ ಎಂಬ ತಾಣಗಳು ಊರೊಳಗೇ ಇವೆ. ಕ್ಯಾನಿಯನ್ ಮತ್ತು ಬ್ಲೂ ಹೋಲ್‌ಗೆ ಮಾತ್ರ ಉತ್ತರಕ್ಕೆ ಜೀಪಿನಲ್ಲಿ ಹೋಗಬೇಕು. ದೋಣಿಯ ಬಾಡಿಗೆಯೇ ಇಲ್ಲದ ಕಡೆ ಹವಳ ನೋಡುವ ಖರ್ಚು ಮುಖವಾಡದ ಬಾಡಿಗೆಯಷ್ಟಕ್ಕೆ ಇಳಿಯುತ್ತದೆ.

ಬ್ಲೂ ಹೋಲ್ ಸುಮಾರು 100 ಮೀಟರ್ ಆಳದ ಗುಂಡಿ. ಅಂಚಿನಲ್ಲಿ ತೇಲುತ್ತ ನೋಡುವವರಿಗೆ ಅಪಾಯ ಕಡಿಮೆ. 55 ಮೀಟರ್ ಆಸುಪಾಸಿನಲ್ಲಿರುವ ಕಮಾನನ್ನು ದಾಟಲು ಹೋದವರಲ್ಲಿ ಹಲವರು ಮರಳಿಲ್ಲ. ಅವರ ಹೆಸರಿನ ಫಲಕಗಳು ದಡದ ಬಂಡೆಯ ಮೇಲಿವೆ. ವಿಮೆಯ ಮಾತು ಬಂದಾಗ ಈ ಫಲಕಗಳು ಮತ್ತೆ ನೆನಪಾಗಬೇಕು.

ದಹಾಬ್ ನಗದಿನ ಊರು. ಜೀಪಿನವನು, ಬೆದುಯಿನ್ ಹುಡುಗಿಯರ ದಾರದ ಬಳೆ, ಚಹಾ, ಫಲಾಫೆಲ್, ಟ್ಯಾಕ್ಸಿ ಎಲ್ಲಕ್ಕೂ ಈಜಿಪ್ಟಿನ ಪೌಂಡ್ ನೋಟೇ ಬೇಕು. ಡೈವಿಂಗ್ ಕೇಂದ್ರಗಳು ದರವನ್ನು ಹೆಚ್ಚಾಗಿ ಯೂರೋದಲ್ಲಿ ಹೇಳುತ್ತವೆ, ಅಂದಿನ ದರದಲ್ಲಿ ಪೌಂಡ್ ಕೊಟ್ಟರೂ ತೆಗೆದುಕೊಳ್ಳುತ್ತವೆ. ಪೌಂಡ್ ಕಳೆದ ದಶಕದಲ್ಲಿ ಮೆಟ್ಟಿಲಿಳಿದಂತೆ ಇಳಿದಿದೆ. 2016ರ ನವೆಂಬರ್ 3ರವರೆಗೆ ಡಾಲರಿಗೆ 8.8 ಇದ್ದದ್ದು, 2022ರ ಆರಂಭದಲ್ಲಿ 15.7; 2024ರ ಮಾರ್ಚ್ 6ರ ಒಂದೇ ದಿನದಲ್ಲಿ ಸುಮಾರು 31ರಿಂದ 50ರ ಹತ್ತಿರಕ್ಕೆ ಹೋಯಿತು. ಸ್ಥಳೀಯರ ಸಂಬಳ ಕರಗಿದ ಕಥೆ ಅದು. ಹೊರಗಿನಿಂದ ಬಂದವರಿಗೆ ಅದೇ ಅಗ್ಗದ ಊಟ.

ಇಂಥ ಊರಿಗೆ ಯಾವ ಹಣ ಒಯ್ಯಬೇಕು ಎಂಬಲ್ಲೇ ಈ ಅಂಕಣದ ಲೇಖಕ ಎಡವಿದ್ದು. 2024ರ ನವೆಂಬರ್‌ನಲ್ಲಿ ಹೊರಡುವ ಮುನ್ನ ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ಫಾರೆಕ್ಸ್ ಕಾರ್ಡ್ ತೆಗೆದುಕೊಂಡು 1,200 ಡಾಲರ್ ತುಂಬಿಸಲಾಯಿತು. ನಗದು ಒಯ್ಯುವ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ‘ದರ ಲಾಕ್ ಆಗುತ್ತದೆ ಸಾರ್’ ಎಂಬ ಮಾತಿಗೆ ತಲೆದೂಗಿದ್ದಾಯಿತು. ಲಾಕ್ ಆದದ್ದು ರೂಪಾಯಿ ಮತ್ತು ಡಾಲರಿನ ನಡುವಿನ ದರ. ಖರ್ಚಾಗಬೇಕಿದ್ದದ್ದು ಪೌಂಡ್. ಆ ಕಾರ್ಡಿನಲ್ಲಿ ಪೌಂಡಿನ ಖಾತೆಯೇ ಇರಲಿಲ್ಲ; ಹಾಗಾಗಿ ಪ್ರತಿ ಸಲವೂ ಎರಡನೆಯ ಪರಿವರ್ತನೆ. ಊರು ತಲುಪಿದ್ದು ಗುರುವಾರ ರಾತ್ರಿ. ಶುಕ್ರವಾರ, ಶನಿವಾರ ಈಜಿಪ್ಟಿನ ಬ್ಯಾಂಕುಗಳಿಗೆ ವಾರದ ರಜೆ. ಎಟಿಎಂ ಮುಂದೆ ನಿಲ್ಲುವುದು ಅಲ್ಲಿಂದಲೇ ಶುರುವಾಯಿತು.

ಲೆಕ್ಕ ಸುಲಭವಾಗಲೆಂದು ಆಗಿನ ಮಾರುಕಟ್ಟೆ ದರವನ್ನು ಡಾಲರಿಗೆ 84 ರೂಪಾಯಿ ಮತ್ತು 49 ಪೌಂಡ್ ಎಂದು ದುಂಡಗೆ ಹಿಡಿಯಬಹುದು. ಅಂದರೆ ಒಂದು ಪೌಂಡಿಗೆ 1.71 ರೂಪಾಯಿ. ಬ್ಯಾಂಕು ಕಾರ್ಡಿಗೆ ಡಾಲರ್ ಮಾರಿದ್ದು 86.10ಕ್ಕೆ. 1,200 ಡಾಲರಿಗೆ 1,03,320 ರೂಪಾಯಿ. ಕಾರ್ಡಿನ ಶುಲ್ಕ ಜಿಎಸ್‌ಟಿ ಸೇರಿ 590. ಪರಿವರ್ತನೆಯ ಜಿಎಸ್‌ಟಿ: ಮೊದಲ ಒಂದು ಲಕ್ಷಕ್ಕೆ ಶೇ 1, ಅದರ ಮೇಲಿನದಕ್ಕೆ ಶೇ 0.5ರಂತೆ ಮೌಲ್ಯ 1,016.60, ಅದರ ಶೇ 18 ಎಂದರೆ 183. ಒಟ್ಟು ಜೇಬಿನಿಂದ ಹೋದದ್ದು 1,04,093.

ದಹಾಬ್‌ನಲ್ಲಿ ಎಂಟು ಸಲ, ಸಲಕ್ಕೆ 5,000 ಪೌಂಡ್ ತೆಗೆಯಲಾಯಿತು. ಈಜಿಪ್ಟಿನ ಅತಿ ದೊಡ್ಡ ನೋಟು 200 ಪೌಂಡಿನದು, ಹಾಗಾಗಿ ಪ್ರತಿ ಸಲ ಇಪ್ಪತ್ತೈದು ನೋಟಿನ ಕಟ್ಟು. 5,000 ಪೌಂಡ್ ಎಂದರೆ 102.04 ಡಾಲರ್. ಅದರ ಮೇಲೆ ಕ್ರಾಸ್ ಕರೆನ್ಸಿ ಶುಲ್ಕ ಶೇ 3.5ರಂತೆ 3.57 ಡಾಲರ್, ಕಾರ್ಡ್ ಕೊಟ್ಟ ಬ್ಯಾಂಕಿನ ಎಟಿಎಂ ಶುಲ್ಕ 2 ಡಾಲರ್, ಅಲ್ಲಿನ ಯಂತ್ರ ಕಿತ್ತುಕೊಂಡ 50 ಪೌಂಡ್ ಎಂದರೆ 1.02 ಡಾಲರ್. ಒಟ್ಟು 108.63. ಎಂಟು ಸಲಕ್ಕೆ 869.04 ಡಾಲರ್ ಖಾಲಿ, ಕೈಗೆ ಬಂದದ್ದು 40,000 ಪೌಂಡ್. ಕಾರ್ಡಿನಲ್ಲಿ ಉಳಿದದ್ದು 330.96 ಡಾಲರ್.

ಉಳಿದದ್ದನ್ನು ಊರಿಗೆ ಬಂದು ಮರಳಿಸಿದಾಗ ಅದೇ ಬ್ಯಾಂಕು ಕೊಟ್ಟ ದರ 81.90. ಮಾರುವಾಗ 2.10 ಮೇಲೆ, ಕೊಳ್ಳುವಾಗ 2.10 ಕೆಳಗೆ. 27,106 ರೂಪಾಯಿಯಲ್ಲಿ 49 ರೂಪಾಯಿ ಜಿಎಸ್‌ಟಿ ಕಳೆದು 27,057 ಖಾತೆಗೆ ಬಂತು. 1,04,093ರಲ್ಲಿ ಇದನ್ನು ಕಳೆದರೆ 77,036. ಅಷ್ಟು ಕೊಟ್ಟು ಪಡೆದದ್ದು 40,000 ಪೌಂಡ್, ಪೌಂಡಿಗೆ 1.93 ರೂಪಾಯಿ ಬಿತ್ತು. ಮಾರುಕಟ್ಟೆ ದರದಲ್ಲಿ ಇಷ್ಟೇ ಪೌಂಡಿಗೆ ತಗಲುತ್ತಿದ್ದದ್ದು 68,571. ನಷ್ಟ 8,465 ರೂಪಾಯಿ, ಶೇ 12.3.

ಈ 8,465 ಎಲ್ಲೆಲ್ಲಿ ಸೋರಿತು ಎಂಬುದು ಮೊತ್ತಕ್ಕಿಂತ ಹೆಚ್ಚು ಹೇಳುತ್ತದೆ. ಡಾಲರ್ ತುಂಬುವಾಗಿನ ಮಾರ್ಕಪ್ 2,520. ಕ್ರಾಸ್ ಕರೆನ್ಸಿ 2,400. ಎರಡೂ ಕಡೆಯ ಎಟಿಎಂ ಶುಲ್ಕ ಸೇರಿ ಸುಮಾರು 2,030. ಮರಳಿಸುವಾಗಿನ ಕಡಿತ 695, ಕಾರ್ಡಿನ ಬೆಲೆ 590. ಎಲ್ಲರೂ ಗೊಣಗುವ ಪರಿವರ್ತನೆಯ ಜಿಎಸ್‌ಟಿಯ ಪಾಲು ಎರಡೂ ಸಲದ್ದು ಸೇರಿ 232 ಮಾತ್ರ. ಸರ್ಕಾರವನ್ನು ಬೈಯುತ್ತ ಬ್ಯಾಂಕಿಗೆ ನಮಸ್ಕಾರ ಹೇಳಿ ಹೊರಬರುವ ಗಿರಾಕಿಗೆ ಇದು ಗೊತ್ತಿರುವುದಿಲ್ಲ. ಈ ಲೇಖಕನಿಗೂ ಗೊತ್ತಿರಲಿಲ್ಲ.

ಫಾರೆಕ್ಸ್ ಕಾರ್ಡ್ ಅಮೆರಿಕಕ್ಕೆ ಹೋಗುವವರಿಗೆ ಡಾಲರಿನಲ್ಲಿ, ಜರ್ಮನಿಗೆ ಹೋಗುವವರಿಗೆ ಯೂರೋದಲ್ಲಿ ಇದ್ದರೆ ಅದಕ್ಕೊಂದು ಅರ್ಥವಿದೆ. ಈಜಿಪ್ಟ್, ಕೆನ್ಯಾ, ವಿಯೆಟ್ನಾಂಗೆ ಹೊರಟವರಿಗೂ ಅದೇ ಡಾಲರ್ ಕಾರ್ಡನ್ನು ದಾಟಿಸುವುದು ಸೇವೆಯಲ್ಲ, ವ್ಯಾಪಾರವೂ ಅಲ್ಲ, ಗಿರಾಕಿಯ ಅವಸರದ ಮೇಲಿನ ಕಂದಾಯ. ‘ಶೂನ್ಯ ಮಾರ್ಕಪ್’ ಎಂದು ದಪ್ಪಕ್ಷರದಲ್ಲಿ ಬರೆದ ಕರಪತ್ರದ ಕೆಳಗೆ ನಕ್ಷತ್ರ ಚಿಹ್ನೆ. ಚಿಹ್ನೆಯ ವಿವರಣೆ ಎಲ್ಲೋ ಹಿಂಬದಿಯ ಸಣ್ಣಕ್ಷರದಲ್ಲಿ. ಕಾರ್ಡಿನಲ್ಲಿರುವ ಕರೆನ್ಸಿಯಲ್ಲೇ ಖರ್ಚು ಮಾಡಿದರೆ ಮಾತ್ರ ಶೂನ್ಯ ಎಂಬ ಆ ಸಾಲನ್ನು ಕೌಂಟರಿನಲ್ಲಿ ಯಾರೂ ಓದಿ ಹೇಳುವುದಿಲ್ಲ. ತುಂಬುವಾಗಿನ ದರದಲ್ಲೇ ಅಡಗಿದ 2.10 ರೂಪಾಯಿಗಂತೂ ಕರಪತ್ರದಲ್ಲಿ ಹೆಸರೇ ಇಲ್ಲ. ಮೂಗಿಗಿಂತ ಮೂಗುತಿ ಭಾರವಾದ ಈ ಸರಕನ್ನು ‘ಸುರಕ್ಷಿತ’ ಎಂಬ ಒಂದೇ ಪದದ ಬಲದಲ್ಲಿ ಮಾರಲಾಗುತ್ತಿದೆ.

ಇದಕ್ಕೆ ತಮ್ಮನಂಥದ್ದು ಡಿಸಿಸಿ (ಡೈನಾಮಿಕ್ ಕರೆನ್ಸಿ ಕನ್ವರ್ಶನ್), ಅಂದರೆ ಬಿಲ್ಲನ್ನು ಅಂಗಡಿಯ ಯಂತ್ರವೇ ಗಿರಾಕಿಯ ತವರಿನ ಕರೆನ್ಸಿಗೆ ಬದಲಿಸುವುದು. ದಂಡೆಯ ಒಂದು ಹೋಟೆಲಿನಲ್ಲಿ 900 ಪೌಂಡ್ ಬಿಲ್ಲಿಗೆ ಕ್ರೆಡಿಟ್ ಕಾರ್ಡ್ ಕೊಟ್ಟಾಗ ಯಂತ್ರದ ಪರದೆ 1,640 ರೂಪಾಯಿ ಎಂದು ತೋರಿಸಿತು. ಪರದೇಶದಲ್ಲಿ ರೂಪಾಯಿ ಕಂಡ ಖುಷಿಗೆ ಬೆರಳು ತಾನಾಗಿ ಅತ್ತ ಹೋಯಿತು. ಮಾರುಕಟ್ಟೆ ದರದಲ್ಲಿ ಅದು 1,543 ಆಗಬೇಕಿತ್ತು. ಸಾಲದ್ದಕ್ಕೆ, ಹೀಗೆ ಹೊರದೇಶದಲ್ಲಿ ರೂಪಾಯಿಯಲ್ಲೇ ಆದ ವ್ಯವಹಾರಕ್ಕೆ ಕೆಲವು ಬ್ಯಾಂಕುಗಳು ಶೇ 1 ಶುಲ್ಕವನ್ನು ಪ್ರತ್ಯೇಕವಾಗಿ ಹಾಕುತ್ತವೆ. ಯಂತ್ರ ಕೇಳಿದಾಗ ಪೌಂಡ್ ಎಂದೇ ಒತ್ತಬೇಕು.

ಅದೇ ಸಂಜೆ ಜೀಪಿನವನೊಂದಿಗೆ 50 ಪೌಂಡಿಗಾಗಿ ಕಾಲು ಗಂಟೆ ಚೌಕಾಸಿ ನಡೆದಿತ್ತು. ಭಾರತೀಯ ಪ್ರವಾಸಿಯ ಲೆಕ್ಕದ ಅಭ್ಯಾಸವೇ ಹೀಗೆ. ಕೆ.ಆರ್. ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಇಳಿಸಿದ ಸಂತೋಷವನ್ನು ಮನೆತನಕ ತರುವವರು, ಗಾಜಿನ ಬಾಗಿಲಿನ ಹಿಂದೆ ಟೈ ಕಟ್ಟಿಕೊಂಡು ಕೂತವರ ಮುಂದೆ ದರ ಕೇಳಲು ನಾಚುತ್ತಾರೆ. ಕಣ್ಣಿಗೆ ಕಾಣುವ ಮನುಷ್ಯನ ಜೊತೆ ಮಾತ್ರ ಚೌಕಾಸಿ. ಪರದೆಯ ಮೇಲಿನ ಅಂಕಿಗೆ ಶರಣು. ಪ್ರವಾಸದ ಖರ್ಚನ್ನು ದಿನಚರಿಯಲ್ಲಿ ಬರೆದಿಡುವವರೂ ಚಹಾ 30, ಟ್ಯಾಕ್ಸಿ 100 ಎಂದು ಬರೆಯುತ್ತಾರೆಯೇ ಹೊರತು ಪರಿವರ್ತನೆಗೆ ಒಂದು ಸಾಲು ಮೀಸಲಿಡುವುದಿಲ್ಲ. ಎಟಿಎಂಗೆ ಎಂಟು ಸಲ ಹೋಗುವುದೂ ಅಭ್ಯಾಸದ ದೋಷವೇ: ಕೈಯಲ್ಲಿ ಹೆಚ್ಚಿದ್ದರೆ ಕಳೆದುಹೋದೀತು ಎಂಬ ಭಯಕ್ಕೆ ಪ್ರತಿ ಸಲ ಮೂರು ಡಾಲರ್ ದಂಡ.

ಪರ್ಯಾಯಗಳಿಗೆ ಇಷ್ಟು ವಿವರ ಬೇಕಿಲ್ಲ. ಪರವಾನಗಿ ಇರುವ ಹಣ ಬದಲಾವಣೆ ಅಂಗಡಿಯಲ್ಲಿ ಡಾಲರ್ ನೋಟನ್ನು 85.20ಕ್ಕೆ ಕೊಂಡು, ಈಜಿಪ್ಟಿನ ಬ್ಯಾಂಕಿನಲ್ಲಿ 48.9ರಂತೆ ಬದಲಿಸಿದ್ದರೆ 40,000 ಪೌಂಡಿಗೆ 818 ಡಾಲರ್ ಸಾಕಿತ್ತು; ಜಿಎಸ್‌ಟಿ ಸೇರಿ 69,819 ರೂಪಾಯಿ. ನಷ್ಟ 1,248. ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ನೋಟು ಒಯ್ಯಲು ರಿಸರ್ವ್ ಬ್ಯಾಂಕಿನ ಅನುಮತಿ ಇದೆ. 50,000 ರೂಪಾಯಿ ಅಥವಾ ಹೆಚ್ಚಿನ ಮೊತ್ತಕ್ಕೆ ಕೊಳ್ಳುವುದಾದರೆ ಹಣವನ್ನು ಬ್ಯಾಂಕ್ ಖಾತೆಯ ಮೂಲಕ ಕೊಡಬೇಕು. ನೋಟು ಹೊಸದಾಗಿರಲಿ, ಗೀಚು, ಹರಕು ಬೇಡ. ನೋಟಿನ ಭಯ ಇರುವವರಿಗೆ ಮಾಮೂಲಿ ಡೆಬಿಟ್ ಕಾರ್ಡೇ ಮೇಲು. ಶೇ 3.5 ಮಾರ್ಕಪ್‌ಗೆ ಶೇ 18 ಜಿಎಸ್‌ಟಿ ಸೇರಿಸಿದರೂ ಶೇ 4.13, ರೂಪಾಯಿಯಿಂದ ಪೌಂಡಿಗೆ ಒಂದೇ ಜಿಗಿತ, ಮರಳಿಸುವ ಗೋಜಿಲ್ಲ. ನಾಲ್ಕು ಸಲಕ್ಕೆ ಮುಗಿಸಿದರೆ ಎಟಿಎಂ ಶುಲ್ಕವೂ ಅರ್ಧ. ಮಾರ್ಕಪ್ ಇಲ್ಲದ ಕಾರ್ಡುಗಳೂ ಈಗ ಇವೆ.

ವಿದೇಶಿ ಹಣ ಕೊಳ್ಳುವಾಗಲೇ ಸಂಗ್ರಹಿಸುವ ಆದಾಯ ತೆರಿಗೆ, ಅಂದರೆ ಟಿಸಿಎಸ್, ಈ ಮೊತ್ತಕ್ಕೆ ಬರಲಿಲ್ಲ; ಆಗಿನ ಮಿತಿ ವರ್ಷಕ್ಕೆ 7 ಲಕ್ಷ, 2025ರ ಏಪ್ರಿಲ್‌ನಿಂದ 10 ಲಕ್ಷ. ಅದೇ ದಹಾಬ್ ಪ್ರವಾಸವನ್ನು ಟೂರ್ ಪ್ಯಾಕೇಜ್ ಆಗಿ ಕೊಂಡಿದ್ದರೆ ಮೊದಲ ರೂಪಾಯಿಯಿಂದಲೇ ಟಿಸಿಎಸ್. ಅದು ರಿಟರ್ನ್‌ನಲ್ಲಿ ಮರಳುತ್ತದೆ, ಆದರೆ ಅಲ್ಲಿಯವರೆಗೆ ಹಣ ಕೂತಿರುತ್ತದೆ. ಇನ್ನು ವೀಸಾ. ಯೂರೋಪಿನವರಿಗೆ ಶರ್ಮ್ ನಿಲ್ದಾಣದಲ್ಲಿ ಸಿಗುವ 15 ದಿನಗಳ ಉಚಿತ ಸಿನಾಯ್ ಮುದ್ರೆಯನ್ನು ನಂಬಿ ಭಾರತೀಯರು ಹೊರಡುವಂತಿಲ್ಲ. ಸಾಮಾನ್ಯವಾಗಿ ವೀಸಾವನ್ನು ಮೊದಲೇ ಪಡೆದಿರಬೇಕು.

ವಿಮೆಯಲ್ಲಿ ಮಾತ್ರ ಅಗ್ಗ ಹುಡುಕಬಾರದು. ಲೇಖಕ ಕೊಂಡಿದ್ದ ಪ್ರವಾಸ ವಿಮೆಯ ಹೊರತುಪಡಿಕೆಗಳ ಪಟ್ಟಿಯಲ್ಲಿ ಸ್ಕೂಬಾ ಇತ್ತು. ಅದು ಕಣ್ಣಿಗೆ ಬಿದ್ದದ್ದು ಬ್ಲೂ ಹೋಲ್‌ನ ಫಲಕಗಳನ್ನು ಓದಿ ಬಂದ ರಾತ್ರಿ. ಮುಳುಗುವವರು ಪಾಲಿಸಿಯಲ್ಲಿ ಸಾಹಸ ಕ್ರೀಡೆ ಸೇರಿದೆಯೇ, ಆಳದ ಮಿತಿ ಎಷ್ಟು, ಒತ್ತಡ ಕೋಣೆಯ ಚಿಕಿತ್ಸೆಗೆ ಹಣ ಸಿಗುತ್ತದೆಯೇ ಎಂದು ಹೊರಡುವ ಮೊದಲೇ ನೋಡಬೇಕು. ಆರಂಭಿಕ ಪ್ರಮಾಣಪತ್ರ ಇರುವವರ ಮಿತಿ 18 ಮೀಟರ್. ಅದರಾಚೆ ಇಳಿದು ತೊಂದರೆಯಾದರೆ ಒಳ್ಳೆಯ ಪಾಲಿಸಿಯೂ ಕೈಬಿಡಬಹುದು. ಲೇಖಕ ಉಳಿದ ಮೂರು ದಿನ ಸ್ನಾರ್ಕೆಲ್‌ನಲ್ಲೇ ತೃಪ್ತಿಪಟ್ಟ. ಕಾರ್ಡಿನಲ್ಲಿ 330.96 ಡಾಲರ್ ಉಳಿದದ್ದು ಅದರಿಂದಲೇ.