ಲಾಲ್‌ಬಾಗಿಗೆ ಹೋಗಿಬಂದ ಮೇಲೆ

ಪ್ರಶ್ನೆ: ಆಗಸ್ಟಿನ ಫಲಪುಷ್ಪ ಪ್ರದರ್ಶನಕ್ಕೆ ಮನೆಮಂದಿಯೆಲ್ಲ ಲಾಲ್‌ಬಾಗಿಗೆ ಹೋಗಿದ್ದೆವು. ಕೆಂಪೇಗೌಡರ ಗೋಪುರದ ಬಂಡೆ ಹತ್ತುವಾಗ ನಮ್ಮ ತಂದೆಗೆ (58) ಎದೆ ಹಿಡಿದಂತಾಗಿ ಎಡಗೈ ಜೋಮು ಬಂತು. ಹತ್ತು ನಿಮಿಷ ಕೂತ ಮೇಲೆ ಸರಿಹೋಯಿತು. ಗ್ಯಾಸ್ ಇರಬೇಕೆಂದು ಸೋಡಾ ಕುಡಿಸಿದೆವು. ಜನವರಿ ಪ್ರದರ್ಶನಕ್ಕೂ ಬರುತ್ತೇನೆ ಅನ್ನುತ್ತಿದ್ದಾರೆ. ಕರೆದೊಯ್ಯಬಹುದೆ?
– ಓದುಗರು, ಲಕ್ಕೂರು

ಉತ್ತರ: ಜನವರಿಯ ಮಾತು ಆಮೇಲೆ. ಮೊದಲು ಇಸಿಜಿ. ಈ ಉತ್ತರ ಅಚ್ಚಾಗುವ ತನಕ ನೀವು ಕಾದಿದ್ದರೆ ಅದೇ ದೊಡ್ಡ ತಪ್ಪು. ಹತ್ತುವಾಗ ಬಂದು ಕೂತಾಗ ಹೋಗುವ ಎದೆಭಾರವನ್ನು ಹೃದಯದ್ದೇ ಎಂದು ಹಿಡಿದು ನೋಡಬೇಕು. ಗ್ಯಾಸಿಗೆ ಏರು ಯಾವುದು, ಸಮತಟ್ಟು ಯಾವುದು ಎಂದೇನೂ ತಿಳಿಯುವುದಿಲ್ಲ. ಇಸಿಜಿ ನಾರ್ಮಲ್ ಎಂದು ಚೀಟಿ ಬಂದ ಕೂಡಲೇ ಮನೆಗೆ ಓಡಬೇಡಿ. ಮಲಗಿಸಿ ತೆಗೆದ ಇಸಿಜಿಯಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ. ಹೃದಯದ ಡಾಕ್ಟರಿಗೆ ತೋರಿಸಿ, ಎಕೋ ಮಾಡಿಸಿ, ಅವರು ಹೇಳಿದರೆ ಟಿಎಂಟಿ. ಜೊತೆಗೆ ಸಕ್ಕರೆ, ಕೊಲೆಸ್ಟರಾಲ್. ವೃತ್ತಿಯ ಮೊದಲ ವರ್ಷಗಳಲ್ಲಿ ಇಂಥವರೊಬ್ಬರಿಗೆ ನಾನೂ ಗ್ಯಾಸಿನ ಮಾತ್ರೆ ಬರೆದು ಕಳಿಸಿದ್ದೆ. ಅದೇ ರಾತ್ರಿ ಅವರನ್ನು ಹೊತ್ತು ತಂದರು. ಅಂದಿನಿಂದ ನನ್ನ ಬಾಯಲ್ಲಿ ಮೊದಲು ಬರುವುದು ಇಸಿಜಿಯೇ. ಕೂತಲ್ಲೇ ಎದೆ ಹಿಡಿದು ಬೆವರು ಕಿತ್ತುಬಂದರೆ ಸೋಡಾ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ನಿಮ್ಮ ತಂದೆಗಾಗಿ ಇನ್ನೊಂದೆರಡು ತಿಂಗಳು ಕಾಯುತ್ತದೆ.

ಪ್ರಶ್ನೆ: ಅಮ್ಮನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಹೊಸ ಶೂ ಹಾಕಿಸಿ ಲಾಲ್‌ಬಾಗ್ ಸುತ್ತಿಸಿದೆವು. ಹಿಮ್ಮಡಿಯಲ್ಲಿ ದೊಡ್ಡ ಬೊಬ್ಬೆ ಎದ್ದಿದೆ. ನೋವೇ ಇಲ್ಲ ಅನ್ನುತ್ತಾರೆ. ಬಿಟ್ಟರೆ ತಾನೇ ಒಣಗುತ್ತದಲ್ಲವೆ?
– ಓದುಗರು, ಮಾಲೂರು

ಉತ್ತರ: ಬೊಬ್ಬೆಗಿಂತ ಆ ‘ನೋವೇ ಇಲ್ಲ’ ಅನ್ನುವ ಮಾತಿಗೆ ನನಗೆ ದಿಗಿಲು. 240 ಎಕರೆಯ ತೋಟದಲ್ಲಿ ಹೊಸ ಶೂ ಕಚ್ಚಿದ್ದು ಗೊತ್ತಾಗಲಿಲ್ಲ ಎಂದರೆ ಪಾದದ ನರ ಸೊರಗಿರಬಹುದು. ಬೊಬ್ಬೆ ಒಡೆಯಬೇಡಿ, ಕಾಫಿಪುಡಿ ಮೆತ್ತಬೇಡಿ. ಈ ವಾರವೇ ಡಾಕ್ಟರಿಗೆ ತೋರಿಸಿ ಪಾದದ ಸ್ಪರ್ಶ ಪರೀಕ್ಷೆ, ಎಚ್‌ಬಿಎ1ಸಿ ಮಾಡಿಸಿ. ಕೆಂಪಾಗಿ ಊದಿಕೊಂಡರೆ ಅವತ್ತೇ ಹೋಗಿ.

ಪ್ರಶ್ನೆ: ನನ್ನ ಏಳು ವರ್ಷದ ಮಗನಿಗೆ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಹೂವಿನ ಪರಾಗ ತಾಗಿ ರಾತ್ರಿ ಉಬ್ಬಸ ಬಂತು. ಹಿಂದೆಯೂ ಎರಡು ಸಲ ಬಂದಿತ್ತು. ಡಾಕ್ಟರು ಇನ್‌ಹೇಲರ್ ಬರೆದಿದ್ದಾರೆ. ‘ಒಂದು ಸಲ ಹಿಡಿದರೆ ಸಾಯೋ ತನಕ ಬಿಡೋ ಹಂಗಿಲ್ಲ’ ಅನ್ನುತ್ತಾರೆ ನಮ್ಮತ್ತೆ. ಸಿರಪ್ಪೇ ಸಾಲದೆ? ನಮ್ಮ ಮನೆ ಇಟ್ಟಿಗೆ ಗೂಡಿನ ಪಕ್ಕದಲ್ಲಿದೆ.
– ತಾಯಿ, ಮಾಲೂರು ತಾಲ್ಲೂಕು

ಉತ್ತರ: ಕೊನೆಯ ಸಾಲನ್ನು ನೀವು ಮೊದಲು ಬರೆಯಬೇಕಿತ್ತು! ವರ್ಷವಿಡೀ ಗೂಡಿನ ಹೊಗೆ ಕುಡಿಯುವ ಮಗುವಿಗೆ ಒಂದು ಮಧ್ಯಾಹ್ನದ ಹೂವು ಎಷ್ಟು ಕೆಡುಕು ಮಾಡೀತು? ಗುಲಾಬಿ, ಸೇವಂತಿಗೆಯ ಪರಾಗ ಅಂಟಂಟು. ಸಾಮಾನ್ಯವಾಗಿ ಅದನ್ನು ಹೊತ್ತೊಯ್ಯಲು ಜೇನು ಬರಬೇಕು. ಗಾಳಿಯಲ್ಲಿ ತೇಲಿ ಮೂಗಿಗೆ ಬರುವುದು ಹುಲ್ಲಿನದು, ನಿಮ್ಮ ರಸ್ತೆಬದಿಯ ಪಾರ್ಥೇನಿಯಂದು. ಪ್ರದರ್ಶನದ ನೂಕುನುಗ್ಗಲಲ್ಲಿ ಯಾರದೋ ನೆಗಡಿ ಅಂಟಿದರೂ ಉಬ್ಬಸ ಕೆರಳುತ್ತದೆ. ಹೈದರಾಲಿ 1760ರಲ್ಲಿ ತೊಡಗಿಸಿದ ತೋಟದ ಮೇಲೆ ಎಲ್ಲ ತಪ್ಪನ್ನೂ ಹೊರಿಸಬೇಡಿ.

ಇನ್ನು ಇನ್‌ಹೇಲರ್. ಈ ಮಾತಿಗೆ ಉತ್ತರ ಕೊಟ್ಟು ಕೊಟ್ಟು ನನಗೇ ಉಬ್ಬಸ ಬರುವಂತಾಗಿದೆ. ಸಾಲ್ಬುಟಮಾಲ್ ಇನ್‌ಹೇಲರಿನ ಒಂದು ಎಳೆತಕ್ಕೆ 100 ಮೈಕ್ರೋಗ್ರಾಂ ಔಷಧಿ. ಅದೇ ಔಷಧಿಯ ಚಿಕ್ಕ ಮಾತ್ರೆಯಲ್ಲಿ 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಟ್ಟು. ಸಿರಪ್ಪೂ ಹಾಗೆಯೇ ಹೊಟ್ಟೆಗಿಳಿದು, ರಕ್ತಕ್ಕೆ ಸೇರಿ, ಕೈ ನಡುಗಿಸಿ, ಎದೆ ಬಡಿಸಿ, ಆಮೇಲೆ ಶ್ವಾಸಕೋಶಕ್ಕೆ ಬರುತ್ತದೆ. ಯಾವುದು ಜೋರು, ಅತ್ತೆಯವರೇ ಹೇಳಲಿ. ಚಟ ಹತ್ತುವ ಪದಾರ್ಥ ಅದರಲ್ಲಿಲ್ಲ. ಕನ್ನಡಕ ಹಾಕಿದವರಿಗೆ ಚಟ ಹತ್ತಿತು ಅನ್ನುತ್ತೀರಾ? ಸ್ಪೇಸರ್ ಡಬ್ಬಿಯಿಟ್ಟು ಕೊಡಿ. ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್‌ಹೇಲರ್ ಆದರೆ ಬಳಿಕ ಬಾಯಿ ಮುಕ್ಕಳಿಸಲಿ. ಏಳು ವರ್ಷದ ಹುಡುಗ ಊದಬಲ್ಲ, ಸ್ಪೈರೋಮೆಟ್ರಿ ಮಾಡಿಸಿ. ಒಂದು ಎದೆ ಎಕ್ಸ್‌ರೇಯೂ ಇರಲಿ. ಮಾತಾಡಲಾರದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ ತಕ್ಷಣ ಆಸ್ಪತ್ರೆಗೆ ಓಡಿ. ಮತ್ತೆ ಲಾಲ್‌ಬಾಗಿಗೆ? ಧಾರಾಳವಾಗಿ ಕರೆದೊಯ್ಯಿರಿ, ಇನ್‌ಹೇಲರ್ ಜೇಬಿನಲ್ಲಿರಲಿ, ಜನ ಕಡಿಮೆ ಇರುವ ಬೆಳಿಗ್ಗೆ ಹೋಗಿ.

ಪ್ರಶ್ನೆ: ಮೂರು ವರ್ಷದ ಮಗಳು ಉದ್ಯಾನದಲ್ಲಿ ಕೆಸುವಿನಂಥ ಚುಕ್ಕೆ ಎಲೆಯೊಂದನ್ನು ಕಚ್ಚಿ ಬಾಯುರಿ ಎಂದು ಅತ್ತಳು. ಸಂಜೆಗೆ ಸರಿಹೋಯಿತು. ವಿಷವೇ?
– ಓದುಗರು, ಮುಳಬಾಗಿಲು

ಉತ್ತರ: ಕೆಸುವಿನ ಜಾತಿಯ ಎಲೆಯಾದರೆ ಅದರಲ್ಲಿ ಸೂಜಿಯಂಥ ಹರಳುಗಳಿರುತ್ತವೆ, ಅವು ಚುಚ್ಚಿ ಉರಿಸುತ್ತವೆ. ಬಾಯಿ ತೊಳೆಸಿ ತಣ್ಣನೆಯ ಮೊಸರು ಕೊಟ್ಟರೆ ಬಹಳಷ್ಟು ಸಲ ಇಳಿಯುತ್ತದೆ. ನಾಲಿಗೆ, ಗಂಟಲು ಊದಿದರೆ ಮಾತ್ರ ಮನೆಯಲ್ಲಿ ಕೂರಬೇಡಿ. ನನಗೆ ಹೆದರಿಕೆ ಕಣಗಿಲೆಯದು. ದೇವರ ಪೂಜೆಗೆಂದು ಮನೆ ಮುಂದೆಯೇ ಬೆಳೆಸಿರುತ್ತೀರಿ. ಅದರ ಎಲೆಯೋ ಕಾಯೋ ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಹೊತ್ತು ಕಳೆಯಬೇಡಿ. ಗಿಡದ ಒಂದು ಚೂರನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಅದು ನೇರ ಹೃದಯದ ಬಡಿತಕ್ಕೇ ಕೈಹಾಕುವ ವಿಷ, ಹಾಗಾಗಿ ಅಲ್ಲಿಯೂ ಮೊದಲು ಕೇಳಬೇಕಾದ್ದು ಇಸಿಜಿಯನ್ನೇ.