ಸಸ್ಯಹೇನುಗಳು: ಗುರುತು ಮತ್ತು ಹತೋಟಿ

ಮಳೆಗಾಲ ಮುಗಿದು ತಂಪು ಹವೆ ಆರಂಭವಾದ ಮೇಲೆ ಕಲ್ಯಾಣ, ಡೊಂಬಿವಲಿ, ಠಾಣೆ ನಗರಗಳ ಅಂಗಳ ಹಾಗೂ ಬಾಲ್ಕನಿಗಳಲ್ಲಿ ಬೆಳೆಸಿದ ದಾಸವಾಳ, ಕಣಗಿಲೆ, ನಿಂಬೆ ಗಿಡಗಳ ಚಿಗುರು ಮುರುಟಿಕೊಳ್ಳುವುದುಂಟು. ಇದಕ್ಕೆ ಸಸ್ಯಹೇನುಗಳು ಒಂದು ಮುಖ್ಯ ಕಾರಣ. ಮರಾಠಿಯಲ್ಲಿ ಇವುಗಳಿಗೆ ‘ಮಾವಾ’ ಎಂದು ಹೆಸರು.

ಗುರುತಿಸುವ ಬಗೆ

ಸಸ್ಯಹೇನು 1ರಿಂದ 3 ಮಿಲಿಮೀಟರ್ ಉದ್ದದ, ಮೃದುವಾದ ದೇಹವುಳ್ಳ ಕೀಟ. ದೇಹದ ಹಿಂಭಾಗದಲ್ಲಿರುವ ಎರಡು ಸಣ್ಣ ಕೊಳವೆಗಳು ಇದರ ವಿಶೇಷ ಲಕ್ಷಣ. ಕಣಗಿಲೆಯ ಹೇನು ಹಳದಿ ಬಣ್ಣದ್ದು. ಅದರ ಕಾಲುಗಳು ಕಪ್ಪು. ಬಿಳಿಯ ಹಿಟ್ಟು ಬಳಿದಂತೆ ಕಂಡುಬಂದರೆ ಅದು ಹೆಚ್ಚಾಗಿ ಹಿಟ್ಟುತಿಗಣೆಯಾಗಿರುತ್ತದೆ. ಹೇನುಗಳು ರಸ ಹೀರಿ ಸಿಹಿಯಾದ ಅಂಟುದ್ರವವನ್ನು ಹೊರಹಾಕುತ್ತವೆ. ಅದಕ್ಕಾಗಿ ಇರುವೆಗಳು ಬರುತ್ತವೆ. ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಆದುದರಿಂದ ಗಿಡದಲ್ಲಿ ಇರುವೆಯ ಸಾಲು ಕಂಡೊಡನೆ ಎಲೆಗಳ ಅಡಿಭಾಗವನ್ನು ಪರೀಕ್ಷಿಸಬೇಕು. ಹೆಣ್ಣು ಹೇನು ಗಂಡಿನ ಸಂಪರ್ಕವಿಲ್ಲದೆಯೇ ಮರಿಗಳನ್ನು ಹಾಕಬಲ್ಲದು. ಹೀಗಾಗಿ ಇವುಗಳ ಸಂಖ್ಯೆ ಶೀಘ್ರವಾಗಿ ಏರುತ್ತದೆ.

ಸ್ವಾಭಾವಿಕ ಶತ್ರುಗಳು

ಗುಲಗಂಜಿ ಹುಳು, ಅದರ ಮರಿಹುಳು ಮತ್ತು ಸಿರ್ಫಿಡ್ ನೊಣದ ಮರಿಹುಳು ಹೇನುಗಳನ್ನು ತಿನ್ನುತ್ತವೆ. ಉಬ್ಬಿ ಕಂದು ಬಣ್ಣಕ್ಕೆ ತಿರುಗಿದ ಹೇನಿನೊಳಗೆ ಪರತಂತ್ರ ಕಣಜ ಬೆಳೆಯುತ್ತಿರುತ್ತದೆ. ಇವುಗಳಿಂದಾಗುವ ಉಪಕಾರ ಸಣ್ಣದಲ್ಲ. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಭಾಗದಲ್ಲಿಯೂ ಅನಂತರ ಉತ್ತರ ಕರ್ನಾಟಕದಲ್ಲಿಯೂ ಕಬ್ಬಿಗೆ ಬಿಳಿ ಉಣ್ಣೆಹೇನಿನ ಬಾಧೆ ತೀವ್ರವಾಗಿ ತಗುಲಿತು. ಅದನ್ನು ಹತೋಟಿಗೆ ತರುವಲ್ಲಿ ಡಿಫಾ ಮತ್ತು ಮೈಕ್ರೋಮಸ್ ಎಂಬ ಪರಭಕ್ಷಕ ಕೀಟಗಳು ಪ್ರಮುಖ ಪಾತ್ರ ವಹಿಸಿದವು. ವಿವೇಚನೆಯಿಲ್ಲದೆ ವಿಷ ಸಿಂಪಡಿಸಿದರೆ ಇಂಥ ಮಿತ್ರಕೀಟಗಳೇ ಮೊದಲು ನಾಶವಾಗಿ, ಹೇನುಗಳು ಮತ್ತೆ ಹೆಚ್ಚುತ್ತವೆ.

ಹತೋಟಿ ಕ್ರಮಗಳು

1. ಆರಂಭದಲ್ಲಿ ರಭಸವಾಗಿ ನೀರು ಹಾಯಿಸಿ ಹೇನುಗಳನ್ನು ಉದುರಿಸಬೇಕು. ಹೆಚ್ಚು ಬಾಧಿತವಾದ ಕುಡಿಗಳನ್ನು ಚಿವುಟಿ ನಾಶಪಡಿಸಬೇಕು. ಕಣಗಿಲೆಯ ಹಾಲು ವಿಷಕಾರಿಯಾದ ಕಾರಣ ಕೈಗಳನ್ನು ಚೆನ್ನಾಗಿ ತೊಳೆದುಕೊಳ್ಳಬೇಕು.

2. ಸಾರಜನಕ ಗೊಬ್ಬರವನ್ನು ಮಿತವಾಗಿ ಬಳಸಬೇಕು. ಅತಿಯಾದ ಎಳೆಚಿಗುರು ಹೇನುಗಳನ್ನು ಆಕರ್ಷಿಸುತ್ತದೆ.

3. ಬಾಧೆ ಮುಂದುವರಿದಲ್ಲಿ, 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿ ಸಂಜೆಯ ವೇಳೆ ಎಲೆಗಳ ಅಡಿಭಾಗಕ್ಕೆ ಸಿಂಪಡಿಸಬೇಕು.

4. ದೊಡ್ಡ ಮರಗಳು ಸಾಮಾನ್ಯವಾಗಿ ಈ ಬಾಧೆಯನ್ನು ತಾಳಿಕೊಳ್ಳುತ್ತವೆ. ಮಹಾರಾಷ್ಟ್ರದ ನಗರ ಪ್ರದೇಶಗಳಲ್ಲಿ 1975ರ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ, ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಆದುದರಿಂದ ಹೇನು ಹತ್ತಿದೆಯೆಂಬ ಕಾರಣಕ್ಕೆ ಮರಕ್ಕೆ ಕೊಡಲಿ ಹಾಕದೆ, ಮೊದಲು ಸ್ಥಳೀಯ ಸಂಸ್ಥೆಯ ವೃಕ್ಷ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು.

ವಾರಕ್ಕೊಮ್ಮೆ ಎಲೆ ತಿರುವಿ ನೋಡುವ ಅಭ್ಯಾಸವೊಂದಿದ್ದರೆ, ಬಹುತೇಕ ಗಿಡಗಳು ವಿಷದ ನೆರವಿಲ್ಲದೆಯೇ ಉಳಿಯುತ್ತವೆ.